ಲೀಟರಿಗೆ ನಾಲ್ಕು ಥರ್ಟಿ-ಫಾರ್ಟಿ ಸೈಟು

ಮೀನು ಸಾಕೋದು ಅಂದ್ರೆ ಗಾಜಿನ ತೊಟ್ಟಿಗೆ ನೀರು ತುಂಬಿ, ಮೀನು ಬಿಟ್ಟು, ದಿನಾ ಬೆಳಿಗ್ಗೆ ಒಂದು ಚಿಟಿಕೆ ಊಟ ಉದುರಿಸೋದು ಅಂತ ತುಂಬ ಜನ ಅಂದ್ಕೊಂಡಿದಾರೆ. ಆ ಊಟ ಆಮೇಲೆ ಎಲ್ಲಿಗೆ ಹೋಗತ್ತೆ ಅಂತ ಮಾತ್ರ ಯಾರೂ ಕೇಳಲ್ಲ. ನದಿಯಲ್ಲಾದ್ರೆ ಆ ಪ್ರಶ್ನೆ ಬೇಕಾಗೂ ಇಲ್ಲ, ನದಿ ನೋಡ್ಕೊಳತ್ತೆ. ಆರಡಿ ಉದ್ದದ ತೊಟ್ಟಿಯಲ್ಲಿ ಅದನ್ನ ನೋಡ್ಕೊಳೋಕೆ ಯಾರನ್ನಾದ್ರೂ ನೇಮಿಸಬೇಕು. ಆ ಕೆಲಸಗಾರರು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಅವು ಇರೋಕೆ ನಾವು ಕೊಡೋ ಮನೆಗೆ ಅಂಗಡಿಯವರ ಭಾಷೆಯಲ್ಲಿ ‘ಬಯೋ ಮೀಡಿಯಾ’ ಅಂತಾರೆ. ಕಳೆದ ವರ್ಷ ಎರಡು ತಿಂಗಳು ನಾನು ಹುಡುಕಿದ್ದು ಈ ಮನೇನ. ಬೆಂಗಳೂರಲ್ಲಿ ಫ್ಲ್ಯಾಟ್ ಹುಡುಕಿದಾಗಲೂ ಇಷ್ಟು ತಲೆ ಕೆಡಿಸ್ಕೊಂಡಿರಲಿಲ್ಲ.

ಕಾರಣ ಎದುರು ಮನೆ ಅಂಕಲ್, ಆಂಟಿ. ಏಳು ವರ್ಷದಿಂದ ಅವರ ಹಾಲ್‌ನಲ್ಲಿ ಮೂರು ಆಸ್ಕರ್ ಮೀನಿದ್ವು. ತಂದಾಗ ಬೆರಳುದ್ದ ಇದ್ದವು ಈಗ ಒಂದಡಿ. ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯ ಮೀನು ಅದು, ಮನುಷ್ಯರನ್ನ ಗುರುತು ಹಿಡಿಯತ್ತೆ. ಅಂಕಲ್ ಬಂದ್ರೆ ಗಾಜಿಗೆ ಮೂಗು ತಾಗಿಸಿ ಕುಣೀತಾವೆ, ಬೇರೆಯವರು ಹೋದ್ರೆ ಮುಖ ತಿರುಗಿಸ್ತಾವೆ. ಅಂಕಲ್‌ಗೆ ಪುಣೆಯಲ್ಲಿರೋ ಮಗಳ ಮನೆಗೆ ಹೋಗಿ ಇರೋ ಹಾಗಾಯ್ತು. ಅಂಗಡಿಯವರು ಇಷ್ಟು ದೊಡ್ಡ ಮೀನು ವಾಪಸ್ ತಗೊಳಲ್ಲ ಅಂದ್ರು. ಸಂಬಂಧಿಕರೊಬ್ರು “ಕೆರೆಗೆ ಬಿಟ್ಬಿಡಿ, ಪುಣ್ಯ ಬರತ್ತೆ” ಅಂದ್ರು. ಅಮೆಜಾನಿನ ಬೇಟೆ ಮೀನನ್ನ ನಮ್ಮ ಕೆರೆಗೆ ಬಿಟ್ರೆ ಬರೋದು ಪುಣ್ಯ ಅಲ್ಲ. ಸಕ್ಕರ್ ಮೀನು ಅಂತ ಹೀಗೇ ಬಿಟ್ಟು, ಅದು ದೇಶದ ಎಷ್ಟೋ ಕೆರೆಗಳಲ್ಲಿ ತಳ ಊರಿಕೊಂಡು ಕೂತಿದೆ. ಆಂಟಿ ಬಾಯಿಬಿಟ್ಟು ಏನೂ ಕೇಳಲಿಲ್ಲ. ಒಂದು ಸಂಜೆ ಕಾಫಿ ಕೊಡ್ತಾ, “ಇವಕ್ಕೆ ಇನ್ನೂ ಐದಾರು ವರ್ಷ ಆಯಸ್ಸಿದೆಯಂತೆ ಕಣಪ್ಪ” ಅಂದ್ರು. ಅಷ್ಟೇ. ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡ್ಕೊಂಡ್ವಿ.

ಅವರ ತೊಟ್ಟಿ ನಾಲ್ಕಡಿಯದು, ಹಳೇದು, ಸೀಲೆಂಟ್ ಬಿಡೋಕೆ ಶುರುವಾಗಿತ್ತು. ಹಾಗಾಗಿ ಹೊಸ ತೊಟ್ಟಿ: ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಪೂರ್ತಿ ತುಂಬಿದ್ರೆ 680 ಲೀಟರ್, ಮೇಲೆ ಒಂದಿಷ್ಟು ಬಿಟ್ರೆ 600. ನೀರಿನ ತೂಕವೇ 600 ಕಿಲೋ, ಗಾಜು, ಸ್ಟ್ಯಾಂಡ್ ಬೇರೆ. “ಹಾಲ್‌ನಲ್ಲಿ ಕಾರು ನಿಲ್ಲಿಸ್ತಾ ಇದೀಯ ಕಣೋ” ಅಂದ್ಳು ಹೆಂಡತಿ. ಗೋಡೆ ಪಕ್ಕ, ತೊಲೆಯ ಮೇಲೆ ಬರೋ ಜಾಗ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಗೆಳೆಯ ಖಾತ್ರಿ ಮಾಡಿದ ಮೇಲೇನೇ ಆರ್ಡರ್ ಕೊಟ್ಟಿದ್ದು.

ಇನ್ನು ಉಳಿದಿದ್ದು ಫಿಲ್ಟರು.

ಅದರ ಹಿಂದಿನ ಕಥೆ ಸ್ವಲ್ಪ ಹೇಳ್ಬೇಕು. ಮೀನು ತಿಂದ ಪ್ರೋಟೀನಿನ ಸಾರಜನಕ ಹೆಚ್ಚಿನಂಶ ಅಮೋನಿಯಾ ಆಗಿ ಕಿವಿರುಗಳ ಮೂಲಕ ಆಚೆ ಬರತ್ತೆ. ಮೀನಿಗೆ ಅಮೋನಿಯಾ ವಿಷ. ಒಂದು ಗುಂಪಿನ ಸೂಕ್ಷ್ಮಜೀವಿಗಳು ಅದನ್ನ ತಿಂದು ನೈಟ್ರೈಟ್ ಮಾಡ್ತಾವೆ, ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನ ನೈಟ್ರೇಟ್ ಮಾಡತ್ತೆ, ಅದು ಸುಮಾರಾಗಿ ಸಹಿಸಬಹುದಾದ್ದು. ವಾರಕ್ಕೊಮ್ಮೆ ನೀರು ಬದಲಿಸಿ ಅದನ್ನ ಆಚೆ ಹಾಕೋದು ನಮ್ಮ ಕೆಲಸ. ರಷ್ಯಾದ ವಿನೋಗ್ರಾಡ್‌ಸ್ಕಿ ಈ ಜೀವಿಗಳನ್ನ 1890ರ ಹೊತ್ತಿಗೇ ಬೇರ್ಪಡಿಸಿ ತೋರಿಸಿದ್ದ. ಹವ್ಯಾಸಿಗಳ ಪುಸ್ತಕಗಳಲ್ಲಿ ನೈಟ್ರೋಸೋಮೋನಾಸ್, ನೈಟ್ರೋಬ್ಯಾಕ್ಟರ್ ಅಂತ ಎರಡೇ ಹೆಸರು ಬಹಳ ಕಾಲ ಓಡಿದ್ವು. 1998ರಲ್ಲಿ ಹೊವಾನೆಕ್ ಮತ್ತವರ ಜೊತೆಗಾರರು, ಸಿಹಿನೀರಿನ ಅಕ್ವೇರಿಯಂನಲ್ಲಿ ಎರಡನೇ ಕೆಲಸ ಮಾಡೋದು ನೈಟ್ರೋಬ್ಯಾಕ್ಟರ್ ಅಲ್ಲ, ನೈಟ್ರೋಸ್ಪೈರಾ ಅಂತ ತೋರಿಸಿದ್ರು. 2011ರಲ್ಲಿ ಕೆನಡಾದ ಸಂಶೋಧಕರು ಅಕ್ವೇರಿಯಂ ಫಿಲ್ಟರ್‌ಗಳನ್ನ ಪರೀಕ್ಷೆ ಮಾಡಿದ್ರೆ, ಮೊದಲನೇ ಕೆಲಸ ಮಾಡೋರಲ್ಲಿ ಬಹುಪಾಲು ಬ್ಯಾಕ್ಟೀರಿಯಾನೇ ಅಲ್ಲ, ಆರ್ಕಿಯಾ ಅನ್ನೋ ಬೇರೆ ಕುಲದವು. 2015ರಲ್ಲಂತೂ ಎರಡೂ ಕೆಲಸವನ್ನ ಒಬ್ಬನೇ ಮುಗಿಸೋ ನೈಟ್ರೋಸ್ಪೈರಾ ಸಿಕ್ತು. ಎರಡು ಪೋಸ್ಟ್‌ಗೆ ಒಬ್ಬನೇ ಎಂಪ್ಲಾಯಿ, ಸಂಬಳ ಅದೇ. ಐಟಿಯವರಿಗೆ ಇದು ಹೊಸದೇನಲ್ಲ.

ಯಾರೇ ಆಗಲಿ, ಇವರೆಲ್ಲ ನೀರಲ್ಲಿ ತೇಲಿಕೊಂಡು ಬದುಕೋದು ಕಮ್ಮಿ. ಯಾವುದಾದ್ರೂ ಮೇಲ್ಮೈಗೆ ಲೋಳೆಯ ಹಾಗೆ ಅಂಟಿಕೊಂಡು ಬಾಳ್ತಾರೆ. ಅದಕ್ಕೇ ಮೀಡಿಯಾ ಬೇಕಾಗೋದು.

ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಮುತ್ತಲ ಅಂಗಡಿಗಳನ್ನ ಎರಡು ಭಾನುವಾರ ಸುತ್ತಿದೆ. ಒಂದು ಅಂಗಡಿಯಲ್ಲಿ ಚೆಂದದ ಡಬ್ಬ ಇಟ್ರು. ಬಿಳೀ ಸೆರಾಮಿಕ್ ಉಂಡೆಗಳು, ಆಮದು ಮಾಲು, ಲೀಟರಿಗೆ ಸಾವಿರದ ಮೇಲೆ. “ಒಂದ್ ಲೀಟರಲ್ಲಿ 500 ಸ್ಕ್ವೇರ್ ಮೀಟರ್ ಜಾಗ ಇದೆ ಸಾರ್, ನಿಮ್ ಟ್ಯಾಂಕಿಗೆ ಹತ್ತು ಲೀಟರ್ ಹಾಕ್ಬಿಡಿ, ಲೈಫ್‌ಲಾಂಗ್ ಟೆನ್ಶನ್ ಇಲ್ಲ.” ನಾನು ಬೆಂಗಳೂರಿನವನು, ಜಾಗ ಅಂದ ತಕ್ಷಣ ಮನಸ್ಸು ಸೈಟಿಗೆ ಹೋಗತ್ತೆ. ಥರ್ಟಿ-ಫಾರ್ಟಿ ಸೈಟು ಅಂದ್ರೆ 1200 ಚದರ ಅಡಿ, ಹತ್ತಿರ ಹತ್ತಿರ 111 ಚದರ ಮೀಟರ್. ಅಂದ್ರೆ ಈ ಡಬ್ಬದಲ್ಲಿ ಲೀಟರಿಗೆ ನಾಲ್ಕೂವರೆ ಸೈಟು! ಸಾವಿರ ರೂಪಾಯಿಗೆ! ಹೊಸಕೋಟೆ ಆಚೆ ಕೂಡ ಇಷ್ಟು ಸಸ್ತಾ ಸಿಗಲ್ಲ.

ಇಷ್ಟು ಸಸ್ತಾ ಸೈಟು ಅಂದ್ರೆ ನಮಗೆಲ್ಲ ಮೊದಲು ಬರೋ ಡೌಟು ಒಂದೇ: ರೋಡ್ ಇದೆಯಾ?

ಇರಲಿಲ್ಲ. ಆ 500 ಚದರ ಮೀಟರಲ್ಲಿ ಬಹುಪಾಲು, ಉಂಡೆಯೊಳಗಿನ ಅತಿ ಸಣ್ಣ ರಂಧ್ರಗಳ ಒಳಗೋಡೆ. ಬ್ಯಾಕ್ಟೀರಿಯಾ ಅಂದ್ರೆ ಸುಮಾರು ಒಂದು ಮೈಕ್ರಾನ್ ಗಾತ್ರದ ಜೀವಿ. ಅದಕ್ಕಿಂತ ಕಿರಿದಾದ ರಂಧ್ರಕ್ಕೆ ಅದು ನುಗ್ಗೋಕೇ ಆಗಲ್ಲ. ನುಗ್ಗೋವಷ್ಟು ದೊಡ್ಡದಿದ್ರೂ ಬಾಗಿಲಲ್ಲೇ ಲೋಳೆ ಬೆಳೆದು ಮುಚ್ಚಿಕೊಳತ್ತೆ. ಈ ಜೀವಿಗಳಿಗೆ ಅಮೋನಿಯಾದ ಜೊತೆ ಆಮ್ಲಜನಕವೂ ಬೇಕು, ಅದು ಲೋಳೆಯೊಳಗೆ ಇಳಿಯೋದು ಸುಮಾರಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಅದರಾಚೆಗೆ ಸೈಟು ಇದೆ, ರಸ್ತೆ ಇಲ್ಲ, ನೀರಿನ ಕನೆಕ್ಷನ್ ಇಲ್ಲ, ಖಾತಾ ಮಾತ್ರ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ಉಂಡೆ ಕೆಲಸ ಮಾಡಲ್ಲ ಅಂತಲ್ಲ, ಮಾಡತ್ತೆ. ಹೊರಮೈ ಮತ್ತು ಅದರ ಹತ್ತಿರದ ದೊಡ್ಡ ಗುಳಿಗಳು ಎಷ್ಟು ಮಾಡಬಹುದೋ ಅಷ್ಟು. ಒಳಗಿನ ಗಾಳಿಯಿಲ್ಲದ ಜಾಗದಲ್ಲಿ ನೈಟ್ರೇಟ್ ತಿನ್ನೋ ಬೇರೆ ಬ್ಯಾಕ್ಟೀರಿಯಾ ಬೆಳೀತಾವೆ, ನೀರು ಬದಲಿಸೋದೇ ಬೇಡ ಅಂತಲೂ ಡಬ್ಬದ ಮೇಲಿತ್ತು. ಅಷ್ಟು ದೊಡ್ಡ ಮಾತನ್ನ ನಂಬಿ ಬಕೆಟ್ ಎಸೆಯೋ ಧೈರ್ಯ ನನಗಿಲ್ಲ.

ಹಾಗಾದ್ರೆ ನಿಜಕ್ಕೂ ಎಷ್ಟು ಜಾಗ ಬೇಕು? ಲೆಕ್ಕ ಹಾಕೋಣ ಅಂತ ಕೂತೆ. ಅಂಕಲ್ ಮೂರೂ ಮೀನಿಗೆ ಸೇರಿ ದಿನಕ್ಕೆ 15 ಗ್ರಾಂ ಪೆಲೆಟ್ ಹಾಕ್ತಿದ್ರು, ಅದರಲ್ಲಿ ಪ್ರೋಟೀನ್ ಶೇ 40. ಅಂದ್ರೆ 6 ಗ್ರಾಂ. ಮೀನು ಕೃಷಿಯವರು ಪ್ರೋಟೀನನ್ನ 0.092ರಿಂದ ಗುಣಿಸಿ ಅಮೋನಿಯಾ-ಸಾರಜನಕ ಅಂದಾಜು ಮಾಡ್ತಾರೆ. ಬಂತು 0.55 ಗ್ರಾಂ. ಬರೀ ಅರ್ಧ ಗ್ರಾಂ! ಆದ್ರೆ 600 ಲೀಟರಿಗೆ ಹಂಚಿದ್ರೆ ಲೀಟರಿಗೆ 0.9 ಮಿಲಿಗ್ರಾಂ, ಅದೂ ಒಂದೇ ದಿನದಲ್ಲಿ. ನೀರಿನ ಪಿಎಚ್ 7 ಇದ್ದು, 25 ಡಿಗ್ರಿ ಉಷ್ಣತೆ ಇದ್ರೆ ಅದರಲ್ಲಿ ನಿಜವಾದ ವಿಷದ ರೂಪದಲ್ಲಿರೋದು ಶೇ 1ಕ್ಕಿಂತ ಕಡಿಮೆ. ಪಿಎಚ್ 8 ಆದ್ರೆ ಶೇ 5 ದಾಟತ್ತೆ. ನಮ್ಮ ಅಪಾರ್ಟ್‌ಮೆಂಟಿಗೆ ಒಂದಿನ ಕಾವೇರಿ, ಒಂದಿನ ಬೋರ್‌ವೆಲ್, 2024ರ ಮಾರ್ಚಿನ ಥರದ ಬೇಸಿಗೆ ಬಂದ್ರೆ ಯಾವ ಊರಿಂದಲೋ ಬಂದ ಟ್ಯಾಂಕರ್. ನಮ್ಮ ಬೋರ್‌ವೆಲ್ ನೀರಿನ ಪಿಎಚ್ 8ರ ಹತ್ತಿರ. ಫಿಲ್ಟರ್ ಎರಡು ದಿನ ಕೈಕೊಟ್ರೂ ಆಸ್ಕರ್‌ಗಳ ಕಿವಿರು ಸುಡತ್ತೆ.

ಒಂದು ಚದರ ಮೀಟರ್ ಲೋಳೆ ದಿನಕ್ಕೆ ಬರೀ 0.1 ಗ್ರಾಂ ಅರಗಿಸತ್ತೆ ಅಂತ ಕೈ ಬಿಗಿಹಿಡಿದು ಲೆಕ್ಕ ಹಾಕಿದೆ. 0.55ಕ್ಕೆ ಐದೂವರೆ ಚದರ ಮೀಟರ್ ಸಾಕು. ಅಂದ್ರೆ 60 ಚದರ ಅಡಿ. ಸೈಟು ಹಾಗಿರಲಿ, ಒಂದು ಬಾತ್‌ರೂಮಿನಷ್ಟು ಜಾಗ! ಹತ್ತು ಲೀಟರ್ ಡಬ್ಬದ 45 ಸೈಟು ನನಗೆ ಬೇಕಾಗೇ ಇರಲಿಲ್ಲ. ಬೇಕಾಗಿದ್ದು ಪ್ರತಿ ಅಡಿಗೂ ರಸ್ತೆ ಇರೋ ಒಂದು ಪುಟ್ಟ ಜಾಗ.

ಆಯ್ಕೆಗಳನ್ನ ಎಕ್ಸೆಲ್ ಶೀಟಲ್ಲಿ ಇಟ್ಟೆ. ಲಾವಾ ಕಲ್ಲು: ಅಗ್ಗ, ಚೆನ್ನಾಗಿ ಕೆಲಸ ಮಾಡತ್ತೆ, ಆದ್ರೆ ಭಾರ, ಆಸ್ಕರ್ ಥರ ಗಲೀಜು ಮಾಡೋ ಮೀನಿದ್ರೆ ಸಂದಿಯಲ್ಲೆಲ್ಲ ಕೆಸರು ತುಂಬತ್ತೆ. ಬಯೋ ಬಾಲ್: ಮೇಲಿಂದ ನೀರು ಸುರಿಯೋ ಗೋಪುರದಲ್ಲಿ ಹಾಕಿದ್ರೆ ಗಾಳಿ ಧಾರಾಳ, ಆದ್ರೆ ಲೀಟರಿಗೆ ಸಿಗೋ ಮೇಲ್ಮೈ ಕಡಿಮೆ. ‘ನೈಟ್ರೇಟ್ ಫ್ಯಾಕ್ಟರಿ’ ಅಂತ ಅದಕ್ಕೊಂದು ಕೆಟ್ಟ ಹೆಸರಿದೆ, ಅದು ಅನ್ಯಾಯ. ಅಮೋನಿಯಾ ತಿಂದ ಯಾವ ಮೀಡಿಯಾ ಆದ್ರೂ ನೈಟ್ರೇಟ್ ಮಾಡ್ಲೇಬೇಕು, ಚೆಂಡಿನ ಮಧ್ಯೆ ಕೊಳೆ ಸೇರಿದ್ರೆ ಅದು ತೆಗೀದೇ ಇರೋರ ತಪ್ಪು. ಪಾತ್ರೆ ತಿಕ್ಕೋ ಪ್ಲಾಸ್ಟಿಕ್ ನಾರು: ನಗಬೇಡಿ, ಸೋಪಿಲ್ಲದ ಹೊಸ ನಾರು ಒಳ್ಳೇ ಮೀಡಿಯಾ, ಎಷ್ಟೋ ಹವ್ಯಾಸಿಗಳು ವರ್ಷಗಟ್ಲೆ ಬಳಸ್ತಾರೆ. ಸ್ಪಂಜು: ಕೊಳೇನೂ ಹಿಡಿಯತ್ತೆ, ಜೀವಿಗಳಿಗೂ ಜಾಗ ಕೊಡತ್ತೆ, ಹಿಂಡಿ ತೊಳೀಬಹುದು. ಕೊನೇದು ಕೆ1: ನಾರ್ವೆಯ ಕಾಲ್ಡ್‌ನೆಸ್ ಹೆಸರಿನ ಪ್ಲಾಸ್ಟಿಕ್ ಚಕ್ರ. ಸಣ್ಣ ಕೊಳವೆಯ ತುಂಡು, ಒಳಗೆ ಅಡ್ಡಗೋಡೆ. ನೀರಿನಡಿಯಿಂದ ಗಾಳಿ ಬಿಟ್ರೆ ಸಾವಿರಾರು ಚಕ್ರಗಳು ಕುದಿಯೋ ಅನ್ನದ ಹಾಗೆ ತಿರುಗ್ತಾ ಇರ್ತಾವೆ. ಲೀಟರಿಗೆ ಸಿಗೋ ಸುರಕ್ಷಿತ ಮೇಲ್ಮೈ ಬರೀ ಅರ್ಧ ಚದರ ಮೀಟರ್. 500ರ ಮುಂದೆ ಅರ್ಧ! ಆದ್ರೆ ಆ ಅರ್ಧದ ಪ್ರತಿ ಇಂಚಿಗೂ ನೀರು, ಗಾಳಿ ಎರಡೂ ತಲುಪತ್ತೆ. ಒಂದಕ್ಕೊಂದು ಡಿಕ್ಕಿ ಹೊಡೆದು ಹಳೇ ಲೋಳೆ ತಾನಾಗೇ ಉದುರತ್ತೆ.

ಶೀಟಲ್ಲಿ ಕೆ1 ಮತ್ತು ಲಾವಾ ಕಲ್ಲು ಸಮಸಮ ಬಂದ್ವು. ಅಲ್ಲಿಗೆ ನನ್ನ ಬುದ್ಧಿ ನಿಂತಿತು. ತೀರ್ಮಾನ ಮಾಡಿಸಿದ್ದು ನಮ್ಮ ಬೇಸ್‌ಮೆಂಟು.

ಸ್ಯಾಂಪಲ್ ಅಂತ ತಂದ ಒಂದು ಹಿಡಿ ಕೆ1 ಚಕ್ರ ಪಾರದರ್ಶಕ ಕವರಲ್ಲಿ ಹಿಡ್ಕೊಂಡು ಕಾರಿಂದ ಇಳಿದೆ. ನಮ್ಮ ಎಸ್‌ಟಿಪಿ, ಅಂದ್ರೆ ಕೊಳಚೆ ನೀರು ಶುದ್ಧ ಮಾಡೋ ಘಟಕ, ನೋಡ್ಕೊಳೋ ರಾಯಚೂರಿನ ಹುಡುಗ ಎದುರಿಗೆ ಬಂದ. ಕವರ್ ನೋಡಿ ನಿಂತೇಬಿಟ್ಟ.

“ಸರ, ಇದು ನಮ್ಮ ಮೀಡಿಯಾನ ಅಲ್ರೀ? ನಿಮ್ಮ ಕೈಯಾಗ ಹ್ಯಾಂಗ ಬಂತು?”

ಕದ್ದಿದಲ್ಲ ಮಾರಾಯ, ಮೀನಿಗೆ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ಒಳಗೆ ಕರ್ಕೊಂಡು ಹೋಗಿ ತೋರಿಸಿದ. ದೊಡ್ಡ ಕಾಂಕ್ರೀಟ್ ತೊಟ್ಟಿ, ಬ್ಲೋವರ್ ಗುಂಯ್ ಅಂತಿದೆ, ಕಂದು ನೀರಲ್ಲಿ ಲಕ್ಷಾಂತರ ಚಕ್ರಗಳು ಕುದೀತಿವೆ. ಅದೇ ವಸ್ತು. ಆಮೇಲೆ ಓದಿ ತಿಳ್ಕೊಂಡೆ: ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ಹಾಲ್ವಾರ್ಡ್ ಓಡೆಗಾರ್ಡ್ ಅನ್ನೋ ಪ್ರೊಫೆಸರ್ 1980ರ ದಶಕದ ಕೊನೆಯಲ್ಲಿ ಇದನ್ನ ರೂಪಿಸಿದ್ದೇ ಕೊಳಚೆ ನೀರಿಗಾಗಿ. ಮೀನು ಸಾಕೋರು ಎರವಲು ತಗೊಂಡಿದ್ದು ಆಮೇಲೆ. ನಾಲ್ಕನೇ ಮಹಡಿಯಲ್ಲಿ ನಾನು ಎಕ್ಸೆಲ್ ತೆಗೆದು ಒದ್ದಾಡ್ತಿದ್ದ ಪ್ರಶ್ನೆಗೆ ಉತ್ತರ, ಪ್ರತಿ ಫ್ಲಶ್‌ನ ಜೊತೆ ಐದು ಮಹಡಿ ಕೆಳಗೆ ದಿನವೂ ನಡೀತಾ ಇತ್ತು.

“ಸುರುವಿಗೆ ಸಗಣಿ, ಬೆಲ್ಲ ಹಾಕಿದ್ವಿರಿ,” ಅಂದ ಹುಡುಗ. “ಆಮ್ಯಾಲ ಅವ ತಾವ ಬೆಳಕೊಂಡು ಹೋಗ್ತಾವ. ನಾವೇನೂ ಮಾಡೂದಿಲ್ಲ.”

“ಕರೆಂಟ್ ಹೋದ್ರೆ?”

“ಕರೆಂಟ್ ಹೋದ್ರ ನಾ ಮೊದಲ ಬ್ಲೋವರ್ ನೋಡ್ತೀನ್ರಿ. ನೀರು ಹರಿಯೂದು ನಿಂತ್ರ ನಡೀತದ. ಗಾಳಿ ನಿಲ್ಲಬಾರದ್ರಿ. ಗಾಳಿ ನಿಂತ್ರ ಅವ ಸಾಯ್ತಾವ, ಆಮ್ಯಾಲ ವಾಸನಿ ನಿಮ್ಮ ಮನಿತನ ಬರ್ತದ.”

ನನ್ನ ಶೀಟಲ್ಲಿ ಬೆಲೆ ಇತ್ತು, ಮೇಲ್ಮೈ ಇತ್ತು, ತೂಕ ಇತ್ತು. ಗಾಳಿಗೆ ಕಾಲಮ್ಮೇ ಇರಲಿಲ್ಲ. ಮೇಲೆ ಹೋಗಿ ಇನ್ನೊಂದು ಲೆಕ್ಕ ಹಾಕಿದೆ. ಒಂದು ಗ್ರಾಂ ಅಮೋನಿಯಾ-ಸಾರಜನಕ ನೈಟ್ರೇಟ್ ಆಗೋಕೆ 4.57 ಗ್ರಾಂ ಆಮ್ಲಜನಕ ಬೇಕು. ನಮ್ಮ 0.55 ಗ್ರಾಮಿಗೆ ಎರಡೂವರೆ ಗ್ರಾಂ. 25 ಡಿಗ್ರಿಯ ಸಿಹಿನೀರಲ್ಲಿ ಲೀಟರಿಗೆ ಕರಗೋದೇ ಎಂಟು ಚಿಲ್ಲರೆ ಮಿಲಿಗ್ರಾಂ, 600 ಲೀಟರಲ್ಲಿ ಒಟ್ಟು 5 ಗ್ರಾಂ. ತೊಟ್ಟಿಯಲ್ಲಿರೋ ಅಷ್ಟೂ ಆಮ್ಲಜನಕದಲ್ಲಿ ಅರ್ಧದಷ್ಟನ್ನ ಈ ಕಾಣದ ಜೀವಿಗಳೇ ದಿನಾ ತಿಂತಾವೆ, ಮೀನಿನ ಪಾಲು ಬೇರೆ. ಇಂಥದ್ದನ್ನ ಮುಚ್ಚಿದ ಕ್ಯಾನಿಸ್ಟರ್ ಡಬ್ಬದೊಳಗೆ ಇಟ್ಟು, ಟ್ರಾನ್ಸ್‌ಫಾರ್ಮರ್ ಹೋದ ರಾತ್ರಿ ಪಂಪ್ ನಿಂತ್ರೆ, ಒಳಗಿನ ಕೆಲವೇ ಲೀಟರ್ ನೀರಿನ ಗಾಳಿ ಎಷ್ಟು ಹೊತ್ತು ಬರತ್ತೆ? ಅದೇ ತೆರೆದ ತೊಟ್ಟಿಯಲ್ಲಿ ಚಕ್ರ ತಿರುಗಿಸೋ ಏರ್ ಪಂಪು ತಿನ್ನೋದು 20 ವ್ಯಾಟ್‌ಗಿಂತ ಕಡಿಮೆ. ಮನೆ ಯುಪಿಎಸ್ ಇಡೀ ರಾತ್ರಿ ಓಡಿಸತ್ತೆ.

ತೀರ್ಮಾನ ಆಯ್ತು. ತೊಟ್ಟಿಯ ಕೆಳಗೆ ಸಂಪ್. ನಮ್ಮೂರಲ್ಲಿ ಸಂಪ್ ಅಂದ್ರೆ ಮನೆ ಮುಂದಿನ ನೆಲದೊಳಗಿನ ನೀರಿನ ತೊಟ್ಟಿ. ಹಾಗಾಗಿ “ಹಾಲ್‌ನಲ್ಲಿ ಸಂಪ್ ಹಾಕಿಸ್ತಿದೀವಿ” ಅಂದಿದ್ದಕ್ಕೆ ಅಪ್ಪ ಫೋನಲ್ಲೇ ಗಾಬರಿಯಾದ್ರು. ಸಂಪಿನ ಮೊದಲ ಖಾನೆಯಲ್ಲಿ ಸ್ಪಂಜು, ಕೊಳೆ ಹಿಡಿಯೋಕೆ. ಎರಡನೇದರಲ್ಲಿ 20 ಲೀಟರ್ ಕೆ1. ಲೆಕ್ಕದ ಪ್ರಕಾರ ಹನ್ನೊಂದು ಸಾಕಿತ್ತು. ಮೀನು ಕಡಿಮೆ ತಿನ್ನತ್ತೆ ಅಂತ ಲೆಕ್ಕ ಹಾಕೋಕಾಗಲ್ಲ, ಅದಕ್ಕೇ ಹತ್ತಿರ ಹತ್ತಿರ ದುಪ್ಪಟ್ಟು. ಮೂರನೇದರಲ್ಲಿ ಪಂಪು, ಪಕ್ಕದಲ್ಲಿ ಬೇರು ಇಳಿಬಿಟ್ಟ ಮನಿ ಪ್ಲಾಂಟು. ನೈಟ್ರೇಟ್‌ಗೆ ಅದು ಗಿರಾಕಿ. ಇನ್ನೊಂದು ವಿಷಯ ಸೇರಿಸಿಬಿಡ್ತೀನಿ. ಒಂದು ಗ್ರಾಂ ಸಾರಜನಕಕ್ಕೆ ಈ ಜೀವಿಗಳು ನೀರಿನ ಕ್ಷಾರಗುಣವನ್ನ, ಸುಣ್ಣದಕಲ್ಲಿನ ಲೆಕ್ಕದಲ್ಲಿ, 7 ಗ್ರಾಂನಷ್ಟು ಕರಗಿಸ್ತಾವೆ. ಮೀನಿಗೆ ಒಳ್ಳೇದಾಗಲಿ ಅಂತ ಪೂರ್ತಿ ಆರ್‌ಓ ನೀರು ತುಂಬಿದ್ರೆ ಅದು ಬೇಗ ಬರಿದಾಗಿ ಪಿಎಚ್ ಕುಸಿಯತ್ತೆ, ಜೀವಿಗಳೂ ಕೆಲಸ ನಿಲ್ಲಿಸ್ತಾವೆ. ಗೀಸರಿಗೆ ಶಾಪವಾದ ನಮ್ಮ ಗಡಸು ಬೋರ್‌ವೆಲ್ ನೀರು ಇಲ್ಲಿ ವರ.

ಹೊಸ ಮೀಡಿಯಾಕ್ಕೆ ಜೀವಿಗಳು ನೆಲೆಸೋಕೆ ನಾಲ್ಕರಿಂದ ಆರು ವಾರ ಬೇಕು, ಅಂಕಲ್ ಹೊರಡೋಕೆ ಇದ್ದಿದ್ದು ಒಂಬತ್ತು ದಿನ. ಮೀನು ಸಾಗಿಸೋ ದಿನ ಎಲ್ಲರೂ ಹಳೇ ತೊಟ್ಟಿಯ ನೀರು ತಗೊಂಡು ಹೋಗಿ ಅಂದ್ರು. ನೀರಲ್ಲಿ ಏನೂ ಇಲ್ಲ, ಇರೋದು ಆ ಗಲೀಜು ಸ್ಪಂಜಲ್ಲಿ. ಏಳು ವರ್ಷದ ಕಪ್ಪು ಸ್ಪಂಜನ್ನ ಅದೇ ತೊಟ್ಟಿ ನೀರಿನ ಬಕೆಟ್ಟಲ್ಲಿ ಮುಳುಗಿಸಿ, ಕಾರಿಡಾರ್ ದಾಟಿಸಿ, ನಮ್ಮ ಸಂಪಿನ ಮೊದಲ ಖಾನೆಗಿಟ್ಟೆ. ಆಂಟಿ ಅದನ್ನ ನಲ್ಲಿ ನೀರಲ್ಲಿ ತೊಳೆದು ಕೊಡ್ತೀನಿ ಅಂತ ಕೈ ಚಾಚಿದ್ರು. ನಲ್ಲಿ ನೀರಿನ ಕ್ಲೋರಿನ್ ತಾಗಿದ್ರೆ ಏಳು ವರ್ಷದ ಸಂಸಾರ ಐದು ನಿಮಿಷದಲ್ಲಿ ಖಾಲಿ ಅಂದೆ. “ಅಯ್ಯೋ, ಹಾಗಾದ್ರೆ ಹಾಗೇ ತಗೊಂಡ್ಹೋಗು” ಅಂತ ಹಿಂದೆ ಸರಿದ್ರು.

ಮೊದಲ ವಾರ ಊಟ ಅರ್ಧಕ್ಕಿಳಿಸಿದೆ. ಎರಡನೇ ದಿನ ಅಮೋನಿಯಾ ಟೆಸ್ಟು ಸ್ವಲ್ಪ ಹಸಿರು ತೋರಿಸಿತು, ನಾಲ್ಕನೇ ದಿನ ಹಳದಿ, ಅಂದ್ರೆ ಸೊನ್ನೆ. ಮತ್ತೆ ಏರಲಿಲ್ಲ. ಕೆ1 ಚಕ್ರಗಳು ಮೊದಲು ಮೇಲೇ ತೇಲ್ತಿದ್ವು, ಆರನೇ ವಾರದ ಹೊತ್ತಿಗೆ ಕಂದು ಬಣ್ಣ ಹಿಡಿದು ತಿರುಗೋಕೆ ಶುರುವಾದ್ವು. ನೋಡೋಕೆ ಚೆಂದ ಇಲ್ಲ. ಬಂದ ಅತಿಥಿಗಳು “ಕೆಳಗಡೆ ಏನೋ ಕೊಳೆತಿದೆ” ಅಂತಾರೆ. ಒಂದು ರಾತ್ರಿ ಐದು ಗಂಟೆ ಕರೆಂಟಿರಲಿಲ್ಲ. ಕತ್ತಲಲ್ಲಿ ಟಾರ್ಚ್ ಬಿಟ್ಟು ನೋಡಿದೆ, ಮುಖ್ಯ ಪಂಪು ನಿಂತಿತ್ತು, ಚಕ್ರಗಳು ತಿರುಗ್ತಾನೇ ಇದ್ವು.

ಅಂಕಲ್ ಪುಣೆಯಿಂದ ಭಾನುವಾರ ವಿಡಿಯೋ ಕಾಲ್ ಮಾಡ್ತಾರೆ. ಫೋನ್ ಗಾಜಿನ ಹತ್ತಿರ ಹಿಡೀತೀನಿ. ಮೀನುಗಳಿಗೆ ಆ ಪುಟ್ಟ ಪರದೆಯಲ್ಲಿ ಅಂಕಲ್ ಗುರುತು ಸಿಗಲ್ಲ, ನನ್ನ ಕೈಯಲ್ಲಿ ಪೆಲೆಟ್ ಇದೆಯಾ ಅಂತ ನೋಡ್ತಾವೆ. ಅಂಕಲ್ ಅದನ್ನ ಗಮನಿಸ್ತಾರೆ, ಏನೂ ಹೇಳಲ್ಲ. ಅಮೋನಿಯಾ ಎಷ್ಟಿದೆ ಅಂತ ಕೇಳ್ತಾರೆ. ಸೊನ್ನೆ ಅಂಕಲ್ ಅಂತೀನಿ. “ಸ್ಪಂಜು ಇನ್ನೂ ಇದೆಯಾ?” ಅಂತಾರೆ. ಇದೆ, ಮೊದಲ ಖಾನೆಯಲ್ಲೇ ಇದೆ.